ತೊಡೆಯ ಕೆಳಗಿನ ಕೆಂಪು ಕಾರ್ಡು

‘ಬೇಡ’ ಎಂದು ಹೇಳಬಲ್ಲವರನ್ನು ಕಂಡರೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ಮದುವೆಮನೆಯ ಪಂಕ್ತಿಯಲ್ಲಿ ಬಡಿಸುವವನು ಎರಡನೆಯ ಸಲ ಪಾಯಸದ ಬಕೆಟ್ಟು ಹಿಡಿದು ಬಂದಾಗ ಎಲೆಗೆ ಕೈ ಅಡ್ಡ ಹಿಡಿದು ಅವನನ್ನು ಮುಂದಕ್ಕೆ ಸಾಗಹಾಕುವವರು ಇದ್ದಾರೆ. ನಾನು ಅಡ್ಡ ಹಿಡಿದರೆ ಪಾಯಸ ಕೈಮೇಲೆ ಬೀಳುತ್ತದೆ. ಕೆ.ಆರ್. ಪುರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಗೀಸರು ಕೆಟ್ಟುಹೋದಾಗ ಓನರಿಗೆ ಖಡಾಖಂಡಿತವಾಗಿ ಹೇಳಿಬರುತ್ತೇನೆಂದು ಅಂಗಿ ಬದಲಿಸಿಕೊಂಡು ಹೋದೆ. ಹೋದವನು ಅವರ ಮನೆಯಲ್ಲಿ ಕಾಫಿ ಕುಡಿದೆ, ಅವರ ಮಗನ ಮಾರ್ಕ್ಸ್ ಕಾರ್ಡು ನೋಡಿ ಹೊಗಳಿದೆ, ಬರುವ ತಿಂಗಳಿಂದ ಬಾಡಿಗೆ ಸ್ವಲ್ಪ ಏರಿಸಬೇಕಾಗುತ್ತದೆ ಎಂದು ಅವರು ಹೇಳಿದ್ದಕ್ಕೆ ತಲೆಯಾಡಿಸಿ ವಾಪಸು ಬಂದೆ. “ಗೀಸರ್ ವಿಷಯ ಏನಾಯ್ತು?” ಎಂದು ನನ್ನ ಹೆಂಡತಿ ಕೇಳಿದಳು. “ಅವರ ಮೂಡ್ ನೋಡ್ಕೊಂಡು ಹೇಳ್ಬೇಕು” ಎಂದೆ. ಆ ಮನೆ ಬಿಡುವ ತನಕ ನಾವು ಗ್ಯಾಸ್ ಒಲೆಯ ಮೇಲೆ ನೀರು ಕಾಯಿಸಿಕೊಂಡೇ ಸ್ನಾನ ಮಾಡಿದೆವು. ಇಂಥ ನನ್ನನ್ನು, ಹೋಗಿ ಗಟ್ಟಿಯಾಗಿ ಆಕ್ಷೇಪಣೆ ಎತ್ತಿ ಬನ್ನಿ ಎಂದು ಒಂದು ಸಮಾವೇಶಕ್ಕೆ ಪ್ರತಿನಿಧಿಯಾಗಿ ಕಳಿಸಿದರು ಎಂದರೆ ನಮ್ಮ ಬಳಗದ ಬುದ್ಧಿವಂತಿಕೆಯನ್ನು ನೀವೇ ಅಳೆಯಿರಿ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದ ಕಾಲ. ಹಲಸೂರಿನಲ್ಲಿ ಒಂದು ಪಾತ್ರೆ ಅಂಗಡಿಯ ಮಹಡಿಯ ಮೇಲೆ ಸೆಲ್ವರಾಜ್ ಎಂಬ ಗೆಳೆಯರ ಸೈಬರ್ ಸೆಂಟರ್ ಇತ್ತು. ಭಾನುವಾರ ಬೆಳಿಗ್ಗೆ, ಗಿರಾಕಿಗಳಿನ್ನೂ ಹಾಸಿಗೆ ಬಿಟ್ಟೇಳದ ಹೊತ್ತಿನಲ್ಲಿ, ‘ತೆರೆದ ಕಪಾಟು’ ಎಂಬ ನಮ್ಮ ಬಳಗ ಅಲ್ಲಿ ಸೇರುತ್ತಿತ್ತು. ಬರೆದವರು ತೀರಿಕೊಂಡು, ಹಕ್ಕುಸ್ವಾಮ್ಯದ ಅವಧಿಯೂ ಮುಗಿದು, ಯಾವ ಪ್ರಕಾಶಕರೂ ಮತ್ತೆ ಅಚ್ಚು ಹಾಕಲು ಮನಸ್ಸು ಮಾಡದ ಹಳೆಯ ಕನ್ನಡ ಪುಸ್ತಕಗಳನ್ನು ಟೈಪ್ ಮಾಡಿ, ತಪ್ಪು ತಿದ್ದಿ, ಇಂಟರ್‌ನೆಟ್ಟಿಗೆ ಏರಿಸುವುದು ನಮ್ಮ ಕೆಲಸ. ಯಾರು ಬೇಕಾದರೂ ಓದಬಹುದು, ಇಳಿಸಿಕೊಳ್ಳಬಹುದು, ಪ್ರಿಂಟ್ ತೆಗೆದು ಹಂಚಬಹುದು. ಬಳಗದಲ್ಲಿ ಟೈಪ್ ಮಾಡುವವರಿದ್ದರು, ತಿದ್ದುವವರಿದ್ದರು, ಕಂಪ್ಯೂಟರು ಮುನಿಸಿಕೊಂಡರೆ ಸಮಾಧಾನ ಮಾಡುವ ಸೆಲ್ವರಾಜ್ ಇದ್ದರು. ನಾನು ಇವೆಲ್ಲಕ್ಕೂ ಬೆಂಬಲವಾಗಿದ್ದೆ. ಅಂದರೆ ಟೀ ಬಂದಾಗ ಗ್ಲಾಸು ಹಂಚುತ್ತಿದ್ದೆ, ಯಾರಾದರೂ ಒಂದು ಅಧ್ಯಾಯ ಮುಗಿಸಿದರೆ “ಭೇಷ್” ಅನ್ನುತ್ತಿದ್ದೆ, ಹೊರಗಿನವರು ಬಂದರೆ “ನಾವು ಹೀಗೆ ಮಾಡ್ತೀವಿ, ನಾವು ಹಾಗೆ ಮಾಡ್ತೀವಿ” ಎಂದು ವಿವರಿಸುತ್ತಿದ್ದೆ. ಕನ್ನಡ ಕೀಬೋರ್ಡಿನಲ್ಲಿ ‘ಕ’ ಎಲ್ಲಿದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಬಳಗದ ಆಧಾರಸ್ತಂಭ ನೂರ್‌ಜಹಾನ್ ಟೀಚರ್. ಶಿವಾಜಿನಗರದ ಒಂದು ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ಮನೆಯಲ್ಲಿ ದಖ್ಖನಿ ಉರ್ದು ಮಾತು, ಹೊರಗೆ ನಮ್ಮೆಲ್ಲರಿಗಿಂತ ಅಚ್ಚುಕಟ್ಟಾದ ಕನ್ನಡ. ಫ್ರೇಜರ್ ಟೌನಿನಿಂದ ಪ್ರತಿ ಭಾನುವಾರ ಕೊಡೆ ಹಿಡಿದು, ಮಳೆಯಿರಲಿ ಬಿಡಲಿ, ಎಲ್ಲರಿಗಿಂತ ಮೊದಲು ಬಂದು ಮೂಲೆಯ ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಅವರು ಟೈಪ್ ಮಾಡುತ್ತಿದ್ದದ್ದು ಯಾರೋ ಪಂಡಿತರು ಬರೆದ ದನಕರುಗಳ ಚಿಕಿತ್ಸೆಯ ದಪ್ಪ ಪುಸ್ತಕ. ಪುಸ್ತಕ ಹಂಚುವಾಗ ಅದನ್ನು ಯಾರೂ ಮುಟ್ಟಲಿಲ್ಲವೆಂದು ಅವರೇ ತೆಗೆದುಕೊಂಡಿದ್ದರು. ಮೂರು ವರ್ಷ ಹಿಡಿಯಿತು. ಕಣ್ಣಿಗೆ ಹನಿ ಬಿಟ್ಟುಕೊಳ್ಳುವುದು, ಒಂದು ನಿಮಿಷ ಕಣ್ಣು ಮುಚ್ಚಿ ಕೂರುವುದು, ಮತ್ತೆ ಟೈಪ್ ಮಾಡುವುದು. ಜೀವಮಾನದಲ್ಲಿ ಒಂದು ಕರುವನ್ನೂ ಸಾಕದ ಆ ಹೆಂಗಸು ಕೊನೆಕೊನೆಗೆ ರಸೆಲ್ ಮಾರ್ಕೆಟ್ಟಿನ ಹೊರಗೆ ಎಲೆಕೋಸಿನ ಸಿಪ್ಪೆ ಮೇಯುವ ಹಸುವನ್ನು ಕಂಡರೆ ನಿಂತು ಅದರ ಕಿವಿ, ಮೂತಿ ನೋಡುತ್ತಿದ್ದರಂತೆ. ಪುಸ್ತಕ ಮುಗಿದು ಇಂಟರ್‌ನೆಟ್ಟಿಗೆ ಏರಿದ ದಿನ ಮನೆಯಿಂದ ಶೀರ್ ಕುರ್ಮಾ ಪಾಯಸ ಮಾಡಿಕೊಂಡು ಬಂದಿದ್ದರು. ಇಷ್ಟಾದರೂ ನನಗೆ ಅವರನ್ನು ಕಂಡರೆ ಭಯ. ಅವರು ಬೈದವರಲ್ಲ, ದನಿ ಏರಿಸಿದವರೂ ಅಲ್ಲ. ಕನ್ನಡಕದ ಮೇಲಿನಿಂದ ಒಂದು ಸಲ ನೋಡುತ್ತಿದ್ದರು, ಅಷ್ಟೆ. ಆ ನೋಟ ಬಿದ್ದ ಕೂಡಲೇ ಹೋಂವರ್ಕ್ ಮಾಡಿಲ್ಲ ಎಂಬ ಭಾವನೆ ಎಲ್ಲಿಂದಲೋ ಬಂದು ನನ್ನ ಹೊಟ್ಟೆಯಲ್ಲಿ ಕೂರುತ್ತಿತ್ತು. ನಲವತ್ತು ದಾಟಿದ, ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕುರ್ಚಿ ಇರುವ ಮನುಷ್ಯ ನಾನು!

ಬಳಗದಲ್ಲಿ ಒಂದು ನಿಯಮವಿತ್ತು. ಅದನ್ನು ತಂದವರೂ ಟೀಚರೇ. ಮೊದಮೊದಲು ನಮ್ಮ ಸಭೆಗಳಲ್ಲಿ ಎಲ್ಲದಕ್ಕೂ ತಕರಾರು. ಜಾಲತಾಣದ ಬಣ್ಣ ಯಾವುದಿರಬೇಕು ಎಂಬ ಚರ್ಚೆಯಲ್ಲೇ ಒಂದು ಮಳೆಗಾಲ ಕಳೆದುಹೋಗಿತ್ತು. ಆಗ ಟೀಚರ್, “ನಮ್ಮ ಸ್ಟಾಫ್ ರೂಮಲ್ಲಿ ಒಂದು ಪದ್ಧತಿ ಇತ್ತು. ಸ್ಕೂಲ್ ಡೇ ಹೀಗೆ ಮಾಡೋದು ಬೇಡ ಅಂತ ಯಾರು ಹೇಳ್ತಾರೋ, ಅದನ್ನ ಬೇರೆ ಥರ ಮಾಡಿ ತೋರಿಸೋ ಜವಾಬ್ದಾರಿ ಅವರದ್ದೇ” ಎಂದರು. ಅಂದಿನಿಂದ ಬೇಡ ಎಂದವರೇ ಮಾಡಬೇಕು ಎಂಬುದು ನಮ್ಮ ಕಾನೂನಾಯಿತು. ತಕರಾರುಗಳು ಒಂದೇ ವಾರದಲ್ಲಿ ನಿಂತುಹೋದವು. ಇಷ್ಟು ಒಮ್ಮತದ ಸಂಘ ಇಡೀ ದಂಡು ಪ್ರದೇಶದಲ್ಲಿ ಇನ್ನೊಂದಿರಲಾರದು.

ಹೀಗಿರುವಾಗ ಒಂದು ಭಾನುವಾರ ಸೆಲ್ವರಾಜ್ ಗಂಭೀರ ಮುಖ ಮಾಡಿಕೊಂಡು ಒಂದು ಇಮೇಲ್ ಓದಿ ಹೇಳಿದರು. ನಮ್ಮಂತೆ ಬೇರೆ ಬೇರೆ ಭಾಷೆಗಳಲ್ಲಿ ಪುಸ್ತಕಗಳನ್ನು ಬಿಟ್ಟಿಯಾಗಿ ಒದಗಿಸುವ ಬಳಗಗಳೆಲ್ಲ ಸೇರಿ ಒಂದು ಒಕ್ಕೂಟ ಮಾಡಿಕೊಂಡಿದ್ದವು. ಎಲ್ಲರ ಪುಸ್ತಕಗಳೂ ಇರುತ್ತಿದ್ದದ್ದು ಆ ಒಕ್ಕೂಟದ ಸರ್ವರಿನಲ್ಲಿ. ಎರಡು ತಿಂಗಳ ನಂತರ ರಿಚರ್ಡ್ಸ್ ಟೌನಿನಲ್ಲಿ ‘ಚಳವಳಿಯ ಕಾರ್ಯತಂತ್ರ ಸಮಾವೇಶ’ ನಡೆಯಲಿದ್ದು, ಅದರಲ್ಲಿ ಒಂದು ಠರಾವು ಬರುವುದಿತ್ತು: ಹೊಸ ವರ್ಷದಿಂದ ಸರ್ವರಿನಲ್ಲಿ ಯೂನಿಕೋಡ್ ಪುಸ್ತಕಗಳು ಮಾತ್ರ ಇರತಕ್ಕದ್ದು, ಹಳೆಯ ಫಾಂಟಿನಲ್ಲಿರುವುದನ್ನೆಲ್ಲ ತೆಗೆದುಹಾಕತಕ್ಕದ್ದು. ಈಗಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಆಗ ಕನ್ನಡದಲ್ಲಿ ಟೈಪ್ ಮಾಡಿದ್ದು ಕನ್ನಡವಾಗಿ ಕಾಣಬೇಕಾದರೆ ಓದುವವರ ಕಂಪ್ಯೂಟರಿನಲ್ಲೂ ಅದೇ ಫಾಂಟು ಇರಬೇಕಿತ್ತು. ಇಲ್ಲದಿದ್ದರೆ ಪುಟದ ತುಂಬ ಡಾಲರು, ಕೊಕ್ಕೆ, ನಕ್ಷತ್ರ. ಎಲ್ಲ ಕಡೆಯೂ ಒಂದೇ ರೀತಿ ಕಾಣುವ ಯೂನಿಕೋಡ್ ಆಗಷ್ಟೇ ಬಳಕೆಗೆ ಬರುತ್ತಿತ್ತು. ಒಕ್ಕೂಟದವರು ಹೇಳಿದ್ದು ತಪ್ಪೇನಲ್ಲ. ಆದರೆ ನಮ್ಮ ಕಪಾಟಿನಲ್ಲಿದ್ದದ್ದೆಲ್ಲ ಹಳೆಯ ಫಾಂಟಿನ ಪುಸ್ತಕಗಳೇ. ಒಂದನ್ನು ಇನ್ನೊಂದಕ್ಕೆ ಬದಲಿಸುವ ಸಾಧನಗಳು ಆಗ ಅರೆಬರೆ. ಒತ್ತಕ್ಷರ ಬಂದಲ್ಲೆಲ್ಲ ಎಡವಿ ಬೀಳುತ್ತಿದ್ದವು.

ಸೆಲ್ವರಾಜ್ ಓದಿ ಮುಗಿಸಿದರು. ಟೀಚರ್ ಮೂಲೆಯಿಂದ, “ಹಾಗಾದ್ರೆ ದನದ ಪುಸ್ತಕಾನೂ ಹೋಗುತ್ತಾ?” ಎಂದು ಕೇಳಿದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. “ಯಾರಾದ್ರೂ ಹೋಗಿ ಅಪೋಸ್ ಮಾಡ್ಲೇಬೇಕು ಸಾರ್” ಎಂದರು ಸೆಲ್ವರಾಜ್. ಆ ಕ್ಷಣದಲ್ಲಿ ಸುಮ್ಮನಿದ್ದರೆ ನಾನು ಬದುಕುತ್ತಿದ್ದೆ. ನನ್ನ ಬಾಯಿ ಸುಮ್ಮನಿರಲಿಲ್ಲ. “ಇಂಥ ಸಭೆಗೆಲ್ಲ ಹೋಗೋದು ಬೇಡ ರೀ, ಒಂದು ಇಮೇಲ್ ಹಾಕಿದ್ರೆ ಸಾಕಲ್ವಾ?” ಎಂದುಬಿಟ್ಟೆ. ಎಲ್ಲರೂ ನನ್ನ ಕಡೆ ತಿರುಗಿ ಅತ್ಯಂತ ಪ್ರೀತಿಯಿಂದ ನೋಡಿದರು. ರಾಯಚೂರು ಕಡೆಯಿಂದ ಬಂದು ಬೈಯಪ್ಪನಹಳ್ಳಿಯಲ್ಲಿ ರೂಮು ಮಾಡಿಕೊಂಡಿದ್ದ ಬಸವರಾಜನಂತೂ ಕುರ್ಚಿಯಿಂದ ಎದ್ದೇಬಿಟ್ಟ. “ಸರ್ರು ಬ್ಯಾಡ ಅಂದ್ರು ನೋಡ್ರಿ! ಎಲ್ಲಾರೂ ಕೇಳೀರಿಲ್ಲ?” ಎಂದ. ಎಲ್ಲರೂ ಕೇಳಿದ್ದರು. ಟೀಚರ್ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

ಮುಂದಿನ ಎರಡು ತಿಂಗಳು ನಾನು ನೆಮ್ಮದಿಯಾಗಿ ನಿದ್ದೆ ಮಾಡಲಿಲ್ಲ. ನಿದ್ದೆ ಬಂದರೂ ಅದರಲ್ಲಿ ಒಂದು ವೇದಿಕೆ, ಒಂದು ಮೈಕು, ಬಾಯಿ ಬಿಟ್ಟರೆ ಬಾರದ ದನಿ. ಆಫೀಸಿಗೆ ಹೋಗುವ ಬಸ್ಸಿನಲ್ಲಿ ನಿಂತು ಇಂಗ್ಲಿಷಿನಲ್ಲಿ ಭಾಷಣ ಉರು ಹೊಡೆಯುತ್ತಿದ್ದೆ. ಭಾಷಾ ಪರಂಪರೆ, ಸಮುದಾಯದ ಶ್ರಮ, ಡಿಜಿಟಲ್ ನ್ಯಾಯ ಮುಂತಾದ ತೂಕದ ಮಾತುಗಳನ್ನೆಲ್ಲ ಸೇರಿಸಿದ್ದೆ. ಕೆ.ಆರ್. ಪುರದ ತೂಗುಸೇತುವೆಯ ಕೆಳಗೆ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಾಗ ನನ್ನ ತುಟಿ ಅಲ್ಲಾಡುವುದನ್ನು ಕಂಡ ಪಕ್ಕದ ಹಿರಿಯರು, ಯಾವುದೋ ಸ್ತೋತ್ರವಿರಬೇಕೆಂದು ಭಾವಿಸಿ ಗೌರವದಿಂದ ಸ್ವಲ್ಪ ಜರುಗಿ ಕೂತರು. ಇತ್ತ ಟೀಚರ್ ಮೂರು ವಾರದಿಂದ ಬಳಗಕ್ಕೆ ಬರುತ್ತಿರಲಿಲ್ಲ. ಮನೆಯಲ್ಲಿ ಏನೋ ಕೆಲಸವಂತೆ ಎಂದರು ಸೆಲ್ವರಾಜ್. ಮನಸ್ಸು ಮುರಿದಿರಬೇಕು ಎಂದುಕೊಂಡೆ. ಸಮಾವೇಶದ ದಿನ ಹೊರಡುವಾಗ ನನ್ನ ಹೆಂಡತಿ ಬಾಗಿಲಲ್ಲಿ ನಿಂತು, “ಗೀಸರ್ ಥರ ಮಾಡ್ಬೇಡಿ” ಎಂದಷ್ಟೇ ಹೇಳಿದಳು.

ಚಳವಳಿ ಎಂದರೆ ನನ್ನ ಕಣ್ಣಮುಂದಿದ್ದ ಚಿತ್ರವೇ ಬೇರೆ. ಘೋಷಣೆ, ಬ್ಯಾನರು, ಪೊಲೀಸ್ ವ್ಯಾನು. ಓಡಬೇಕಾಗಿ ಬಂದರೆ ಇರಲಿ ಎಂದು ಕ್ಯಾನ್ವಾಸ್ ಶೂ ಹಾಕಿಕೊಂಡಿದ್ದೆ. ರಿಚರ್ಡ್ಸ್ ಟೌನಿನ ಆ ಹಳೆಯ ಬಂಗಲೆಯಲ್ಲಿ ನೋಡಿದರೆ ಹಂಚಿನ ಮಾಡು, ಮರದ ನೆರಳು, ಬಿಸ್ಕತ್ತು, ಎರಡು ತರಹದ ಟೀ. ಕುರ್ಚಿಗಳನ್ನು ವೃತ್ತಾಕಾರವಾಗಿ ಹಾಕಿದ್ದರಿಂದ ಹಿಂದಿನ ಸಾಲು ಎಂಬುದೇ ಇರಲಿಲ್ಲ. ಗೋಡೆಯ ಬದಿಯಲ್ಲಿದ್ದ ನಾಲ್ಕಾರು ಕುರ್ಚಿಗಳು ನೋಡಲು ಬಂದವರಿಗೆ ಮೀಸಲು. ಹಿಂದಿನ ಸಾಲಿಲ್ಲದ ಸಭೆಯಲ್ಲಿ ನನ್ನಂಥವರು ಎಲ್ಲಿ ಕೂರಬೇಕು? ಸಭೆ ನಡೆಸಿಕೊಡಲು ದೆಹಲಿಯಿಂದ ಬಂದಿದ್ದ ಚುರುಕು ಹುಡುಗಿಯೊಬ್ಬಳು ಮೊದಲಿಗೆ, ಎಲ್ಲರೂ ತಮ್ಮ ಹೆಸರು ಹೇಳಿ ತಮ್ಮನ್ನು ಒಂದು ಪ್ರಾಣಿಗೆ ಹೋಲಿಸಿಕೊಳ್ಳಬೇಕು ಎಂದಳು. ಒಬ್ಬರು ಹದ್ದು ಎಂದರು, ಒಬ್ಬರು ಆನೆ, ಒಬ್ಬಾಕೆ ಜೇನುಹುಳು. ನನ್ನ ಸರದಿ ಬರುವ ಹೊತ್ತಿಗೆ ಒಳ್ಳೆಯ ಪ್ರಾಣಿಗಳೆಲ್ಲ ಖರ್ಚಾಗಿದ್ದವು. ತಲೆಯ ತುಂಬ ಟೀಚರ್ ಪುಸ್ತಕವೇ ಇದ್ದುದರಿಂದ “ಎತ್ತು” ಎಂದೆ. ಏಕೆ ಎಂದು ಕೇಳಿದಳು. ಗಾಬರಿಯಲ್ಲಿ ಎತ್ತಿನ ಗೊರಸು ಕೊಳೆತರೆ ಏನು ಹಚ್ಚಬೇಕು ಎಂಬುದನ್ನು ವಿವರಿಸಿ ಕುಳಿತೆ. ಆಕೆ ಅದನ್ನೂ ಒಂದು ಹಳದಿ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದಳು.

ಆಮೇಲೆ ಎಲ್ಲರಿಗೂ ಮೂರು ಮೂರು ಕಾರ್ಡು ಹಂಚಿದರು. ಒಪ್ಪಿಗೆಗೆ ಹಸಿರು, ಅನುಮಾನಕ್ಕೆ ಹಳದಿ, ವಿರೋಧಕ್ಕೆ ಕೆಂಪು. ಒಬ್ಬರು ಕೆಂಪು ಎತ್ತಿದರೂ ಠರಾವು ಅಲ್ಲಿಗೇ ನಿಲ್ಲುತ್ತದೆ. ಭಲೆ, ಇದು ಸುಲಭ, ಮಾತೇ ಆಡಬೇಕಾಗಿಲ್ಲ ಎಂದು ಖುಷಿಯಾಯಿತು. ಅಷ್ಟರಲ್ಲಿ ಆಕೆ ಬೋರ್ಡಿನ ಮೇಲೆ ಇನ್ನೊಂದು ನಿಯಮ ಬರೆದಳು: ಕೆಂಪು ಎತ್ತಿದವರು ಎದ್ದು ನಿಂತು ಕಾರಣ ಹೇಳಬೇಕು, ಬದಲಿ ದಾರಿ ಸೂಚಿಸಬೇಕು ಮತ್ತು ಅದನ್ನು ಮಾಡಿ ಮುಗಿಸುವ ತಂಡದ ಮುಂದಾಳಾಗಬೇಕು. ನಾನು ಕಣ್ಣುಜ್ಜಿಕೊಂಡು ಎರಡು ಸಲ ಓದಿದೆ. ನಮ್ಮ ಟೀಚರ್ ಸ್ಟಾಫ್ ರೂಮಿನ ಕಾನೂನು ಇಂಗ್ಲಿಷಿನಲ್ಲಿ ವೇಷ ಹಾಕಿಕೊಂಡು ಇಲ್ಲಿಗೂ ಬಂದಿತ್ತು. ಕೆಂಪು ಕಾರ್ಡನ್ನು ಮೆಲ್ಲಗೆ ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಭದ್ರವಾಗಿ ಕೂತೆ.

ಮೊದಲ ದಿನ ನಮ್ಮ ಠರಾವು ಬರಲೇ ಇಲ್ಲ. ಈಗ ಬರುತ್ತದೆ, ಇನ್ನೇನು ಬಂತು ಎಂದು ಕಾಯುವುದರಲ್ಲೇ ಸಂಜೆಯಾಯಿತು. ಹತ್ತು ವರ್ಷದ ನಂತರ ನಾವು ಎಲ್ಲಿರಬೇಕು ಎಂದು ಗುಂಪು ಗುಂಪಾಗಿ ಚರ್ಚಿಸಿದೆವು. ಎಲ್ಲರೂ ಜಗತ್ತಿನ ಜ್ಞಾನವೆಲ್ಲ ಎಲ್ಲರದಾಗಬೇಕು ಎಂದರು. ನನಗೆ ಮರುದಿನ ಸಂಜೆ ಎಲ್ಲಿರಬೇಕು ಎಂಬುದು ಮಾತ್ರ ಸ್ಪಷ್ಟವಾಗಿತ್ತು: ಮನೆಯಲ್ಲಿ. ನನ್ನ ಪಕ್ಕದಲ್ಲಿ ಕೂತಿದ್ದವರು ತಮಿಳು ಬಳಗದ ಮುರುಗೇಶ್. ಇಂದಿರಾನಗರದಲ್ಲಿ ಅವರಿಗೊಂದು ಔಷಧಿ ಅಂಗಡಿ, ಒಳ್ಳೆಯ ಮನುಷ್ಯ. ಟೀ ಹೊತ್ತಿನಲ್ಲಿ ಅವರು ನನ್ನ ಕಿವಿಯ ಹತ್ತಿರ ಬಂದು, “ಸಾರ್, ಆ ಫಾಂಟ್ ವಿಷಯ ಬಂದ್ರೆ ನೀವು ರೆಡ್ ಎತ್ತುತೀರಲ್ವಾ?” ಎಂದರು. ನನಗೆ ಹೋದ ಜೀವ ಬಂದಂತಾಯಿತು. “ನೀವೂ ಅದಕ್ಕೇ ಬಂದಿದ್ದೀರಾ? ಹಾಗಾದ್ರೆ ನೀವೇ ಮೊದಲು ಎತ್ತಿ ಸಾರ್” ಎಂದೆ. “ಅಯ್ಯೋ, ನೀವು ದೊಡ್ಡೋರು, ನೀವು ಮೊದಲು.” “ಛೇ ಛೇ, ನಿಮ್ಮ ಬಳಗ ನಮಗಿಂತ ಹಳೇದು.” ಈ ಮರ್ಯಾದೆ ವಿನಿಮಯ ಬಹಳ ಹೊತ್ತು ನಡೆಯಿತು. ಆಚೆ ನಿಂತಿದ್ದ ತೆಲುಗು ಬಳಗದವರು ನಮ್ಮ ಮಾತಿಗೆ ಕಿವಿಗೊಟ್ಟಿದ್ದು, ಕೊನೆಗೆ, “ನೀವಿಬ್ಬರೂ ಎತ್ತಂಡಿ, ಹಿಂದೆ ನಾವಿದ್ದೇವೆ” ಎಂದರು. ಹಿಂದೆ ಇರಲು ಎಲ್ಲರೂ ಸಿದ್ಧರಿದ್ದರು. ಸ್ವಯಂಸೇವಕರ ಸ್ವಭಾವ ಯಾವ ಭಾಷೆಯಲ್ಲಾದರೂ ಒಂದೇ.

ಎರಡನೆಯ ದಿನ ಮಧ್ಯಾಹ್ನದ ಊಟದ ಸಾಲಿನಲ್ಲಿ ಅನ್ನ ಸಾಂಬಾರು ಬಡಿಸಿಕೊಂಡು ತಟ್ಟೆ ಹಿಡಿದು ನಿಂತಿದ್ದೆ. ಗೇಟಿನ ಕಡೆ ನೋಡಿದೆ. ತಲೆಯ ಮೇಲೆ ಸೆರಗು, ಕೈಯಲ್ಲಿ ಕೊಡೆ, ಕೆಳಕ್ಕೆ ಸರಿದ ಕನ್ನಡಕ: ನೂರ್‌ಜಹಾನ್ ಟೀಚರ್! ಅವರ ಮನೆ ಅಲ್ಲಿಂದ ನಡೆದುಬರುವಷ್ಟು ದೂರದಲ್ಲೇ ಇದೆ ಎಂಬುದನ್ನು ನಾನು ಮರೆತಿದ್ದೆ. ಅವರು ಅತ್ತಿತ್ತ ನೋಡಿ ನನ್ನನ್ನು ಗುರುತಿಸಿ ಕೈಯೆತ್ತಿದರು. ನಾನು ಕಾಣದವನಂತೆ ಕಂಬದ ಹಿಂದೆ ಸರಿದೆ. ಅವರು ಕಂಬದ ಕಡೆ ಬಂದರು, ನಾನು ಕೈತೊಳೆಯುವ ಜಾಗಕ್ಕೆ ಹೋದೆ. ಅಲ್ಲಿಗೂ ಬರುವುದು ಕಾಣಿಸಿತು. ತಟ್ಟೆಯ ಸಮೇತ ಗಂಡಸರ ಶೌಚಾಲಯ ಹೊಕ್ಕೆ. ಅಲ್ಲಿ ಬಾಗಿಲ ಹಿಂದೆ ನಿಂತು, ತಟ್ಟೆ ಹಿಡಿದುಕೊಂಡು, ನನ್ನ ಬದುಕು ಯಾವ ಮಟ್ಟಕ್ಕೆ ಬಂತಪ್ಪಾ ಎಂದು ಯೋಚಿಸಿದೆ. ಏನೆಂದು ಅವರ ಮುಖ ನೋಡಲಿ? ‘ಎತ್ತುತ್ತೀನಿ’ ಎಂದರೆ ಎತ್ತಬೇಕು. ‘ಎತ್ತಲ್ಲ’ ಎಂದು ಅವರಿಗೆ ಹೇಳುವಷ್ಟು ಧೈರ್ಯವಿದ್ದರೆ ಕಾರ್ಡನ್ನೇ ಎತ್ತಬಹುದಿತ್ತಲ್ಲ!

ಸಭೆ ಮತ್ತೆ ಸೇರಿದಾಗ ಟೀಚರ್ ಗೋಡೆಯ ಬದಿಯ ಕುರ್ಚಿಯಲ್ಲಿ ಕೂತಿದ್ದರು. ಸರಿಯಾಗಿ ನನ್ನ ಎದುರಿಗೆ. ನಾನು ಸೂರಿನ ಫ್ಯಾನು ನೋಡಿದೆ, ಹಳದಿ ಚೀಟಿಗಳನ್ನು ನೋಡಿದೆ, ಶೂ ಲೇಸು ನೋಡಿದೆ. ಅವರತ್ತ ನೋಡಲಿಲ್ಲ. ದೆಹಲಿಯ ಹುಡುಗಿ ಠರಾವು ಓದಿದಳು. ಯೂನಿಕೋಡಿನಿಂದ ಆಗುವ ಲಾಭಗಳನ್ನು ಒಬ್ಬರು ಪರದೆಯ ಮೇಲೆ ತೋರಿಸಿದರು. ಎಲ್ಲವೂ ಸರಿಯಾಗಿಯೇ ಇತ್ತು, ಅದೇ ಕಷ್ಟ. “ಯಾರಿಗಾದರೂ ಪ್ರಶ್ನೆ ಇದೆಯೇ?” ಎಂದಳು. ಯಾರಿಗೂ ಇರಲಿಲ್ಲ. ಮುರುಗೇಶ್ ನನ್ನನ್ನು ಮೊಣಕೈಯಿಂದ ತಿವಿದರು, ನಾನು ಅವರನ್ನು ತಿವಿದೆ. ತೆಲುಗು ಬಳಗದವರು ಗಡ್ಡ ಕೆರೆದುಕೊಳ್ಳುತ್ತ ಕಿಟಕಿಯ ಹೊರಗೆ ನೋಡತೊಡಗಿದರು. “ಹಾಗಾದರೆ ಕಾರ್ಡುಗಳು” ಎಂದಳು ಹುಡುಗಿ. ಸುತ್ತಲೂ ಒಂದೊಂದಾಗಿ ಹಸಿರು ಕಾರ್ಡುಗಳು ಮೇಲೇಳತೊಡಗಿದವು. ನನ್ನ ಬಲಗೈಯಲ್ಲೂ ಹಸಿರೇ ಇತ್ತು. ಅದು ಯಾವಾಗ ಕೈಗೆ ಬಂತೋ ತಿಳಿಯದು. ಪಾಯಸ ಬೇಡ ಎನ್ನಲಾಗದ, ಗೀಸರ್ ಕೆಟ್ಟಿದೆ ಎನ್ನಲಾಗದ ಕೈ ಅದು. ಎದೆಯ ಮಟ್ಟಕ್ಕೆ ಏರಿತು, ಗಲ್ಲದ ಮಟ್ಟಕ್ಕೆ ಬಂತು. ಆಗ ಗೋಡೆಯ ಕಡೆ ಕಣ್ಣು ಹೋಯಿತು.

ಟೀಚರ್ ಕನ್ನಡಕದ ಮೇಲಿನಿಂದ ನನ್ನನ್ನೇ ದಿಟ್ಟಿಸುತ್ತಿದ್ದರು. ನಿಧಾನವಾಗಿ, ಎಡಕ್ಕೂ ಬಲಕ್ಕೂ, ಒಮ್ಮೆ ತಲೆಯಾಡಿಸಿದರು.

ಆಮೇಲೆ ಏನಾಯಿತೆಂದು ನನಗೆ ಪೂರ್ತಿ ನೆನಪಿಲ್ಲ. ಕುರ್ಚಿ ಹಿಂದಕ್ಕೆ ಬಿದ್ದ ಸದ್ದು ಕೇಳಿಸಿತು. ನೋಡಿದರೆ ನಾನು ನಿಂತಿದ್ದೆ. ಕೈಯಲ್ಲಿ ಬೆವರಿಗೆ ಮೆತ್ತಗಾಗಿ ಬಾಗಿದ ಕೆಂಪು ಕಾರ್ಡು. ಸಭೆ ಇಡೀ ನನ್ನತ್ತ ತಿರುಗಿತು. “ಕಾರಣ ಹೇಳಿ” ಎಂದಳು ಹುಡುಗಿ, ಮೃದುವಾಗಿಯೇ. ಪರಂಪರೆ, ಶ್ರಮ, ನ್ಯಾಯ ಎಲ್ಲವೂ ತೂಗುಸೇತುವೆಯ ಕೆಳಗೇ ಉಳಿದುಬಿಟ್ಟಿದ್ದವು. ಇಂಗ್ಲಿಷಿನ ಒಂದು ಪದವೂ ನಾಲಿಗೆಗೆ ಬರಲಿಲ್ಲ. ಕನ್ನಡದಲ್ಲೇ ತೊದಲಿದೆ. “ಅಲ್ಲಿ ಕೂತಿದ್ದಾರಲ್ಲ, ಅವರು ನೂರ್‌ಜಹಾನ್ ಟೀಚರ್. ಮೂರು ವರ್ಷ ಕಣ್ಣಿಗೆ ಹನಿ ಬಿಟ್ಕೊಂಡು ಒಂದು ಪುಸ್ತಕ ಟೈಪ್ ಮಾಡಿದ್ದಾರೆ. ನಾನು ಒಂದು ಸಾಲೂ ಟೈಪ್ ಮಾಡಿಲ್ಲ. ನಾನಿಲ್ಲಿ ಹಸಿರು ಎತ್ತಿಬಿಟ್ಟು, ಭಾನುವಾರ ಹೋಗಿ ಅವರ ಪಕ್ಕ ಕೂತ್ಕೊಂಡು ಟೀ ಹೇಗೆ ಕುಡೀಲಿ? ಹೊಸದು ಬರ್ಲಿ. ಬೇಡ ಅನ್ನಲ್ಲ. ಹೊಸದಾಗಿ ಮಾಡೋ ತನಕ ಹಳೇದು ಇರ್ಲಿ. ತೆಗೆದುಹಾಕ್ಬೇಡಿ.” ಇಷ್ಟೇ. ಸಂಘಟಕರಲ್ಲಿ ಕನ್ನಡ ಬಲ್ಲವರೊಬ್ಬರು ಅದನ್ನು ಇಂಗ್ಲಿಷಿನಲ್ಲಿ ಹೇಳಿದರು.

ಆಮೇಲೆ ನನ್ನ ಪಕ್ಕದಲ್ಲಿ ಮುರುಗೇಶ್ ತಮ್ಮ ಹಸಿರನ್ನು ಇಳಿಸಿ ಕೆಂಪನ್ನು ಎತ್ತಿದರು. “ನಮ್ಮಲ್ಲೂ ಒಬ್ಬರು ತಾತ ಇದ್ದಾರೆ. ಈಗ ಎರಡು ಕಣ್ಣೂ ಕಾಣಲ್ಲ. ಅವರ ಪುಸ್ತಕ ತೆಗೆದುಬಿಟ್ರು ಅಂತ ನಾನು ಅವರ ಮನೆಗೆ ಹೋಗಿ ಹೇಗೆ ಹೇಳ್ಲಿ?” ಎಂದರು. ತೆಲುಗಿನವರು ಕೆಂಪು ಎತ್ತಿದರು. ಅವರಲ್ಲಿ ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರರಿದ್ದರಂತೆ. ಮಲಯಾಳದವರು, ಒಡಿಯಾದವರು. ಪ್ರತಿ ಬಳಗದಲ್ಲೂ ಒಬ್ಬ ಟೀಚರ್ ಇದ್ದರು. ಎಲ್ಲರೂ ಅವರನ್ನು ಮನೆಯಲ್ಲಿ ಬಿಟ್ಟ ಧೈರ್ಯದ ಮೇಲೆ ಹಸಿರು ಎತ್ತಿದ್ದರು. ಠರಾವು ತಿದ್ದುಪಡಿಯಾಯಿತು: ಹೊಸದಾಗಿ ಸಿದ್ಧವಾಗುವ ತನಕ ಹಳೆಯ ಯಾವ ಪುಸ್ತಕವನ್ನೂ ತೆಗೆಯತಕ್ಕದ್ದಲ್ಲ. ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತ ಮೇಲೆ ಹುಡುಗಿ ಬೋರ್ಡಿನ ಕಡೆ ಬೆರಳು ತೋರಿಸಿ, ಎಲ್ಲ ಭಾಷೆಗಳ ಹಳೆಯ ಪುಸ್ತಕಗಳನ್ನು ಹೊಸದಾಗಿ ಮಾಡಿಸುವ ತಂಡದ ಮುಂದಾಳು ಯಾರು ಎಂದು ಕೇಳಿದಳು. ಮುರುಗೇಶ್ ತಕ್ಷಣ ತಮ್ಮ ಕೆಂಪನ್ನು ಜೇಬಿಗೆ ಹಾಕಿಕೊಂಡರು. “ಮೊದಲು ಎತ್ತಿದವರು ಇವರು” ಎಂದರು. ಎಲ್ಲರೂ ಹಸಿರು ಎತ್ತಿದರು. ಅಷ್ಟು ಸರ್ವಾನುಮತ ಆ ಎರಡು ದಿನಗಳಲ್ಲಿ ಬೇರೆ ಯಾವ ವಿಷಯಕ್ಕೂ ಬಂದಿರಲಿಲ್ಲ. ಆರು ಭಾಷೆಗಳ ಟೈಪಿಂಗಿಗೆ, ಕೀಬೋರ್ಡೇ ತಿಳಿಯದ ನಾನು ಮುಂದಾಳಾದೆ.

ಸಭೆ ಮುಗಿದ ಮೇಲೆ ತಪ್ಪಿಸಿಕೊಳ್ಳುವ ಕಾರಣ ಉಳಿದಿರಲಿಲ್ಲ. ಟೀಚರ್ ಗೇಟಿನ ಹತ್ತಿರ ಕಾಯುತ್ತಿದ್ದರು. ಇಬ್ಬರೂ ಕೋಲ್ಸ್ ಪಾರ್ಕಿನ ಕಡೆ ನಡೆದೆವು. ನಾನು ಎದೆಯುಬ್ಬಿಸಿಕೊಂಡೇ ನಡೆದೆ, ಸುಳ್ಳೇಕೆ ಹೇಳಲಿ. ಸ್ವಲ್ಪ ದೂರ ಹೋದಮೇಲೆ, “ಊಟದ ಹೊತ್ತಲ್ಲಿ ನಿಮ್ಮನ್ನ ಎಷ್ಟು ಹುಡುಕಿದೆ, ನಾಗೇಶ್ ಅವರೇ” ಎಂದರು. “ಕಾಣಲಿಲ್ಲ ಟೀಚರ್” ಎಂದೆ. “ಒಂದು ವಿಷಯ ಹೇಳೋಣ ಅಂತ ಬಂದಿದ್ದೆ. ನನ್ನ ಪುಸ್ತಕದ ಬಗ್ಗೆ ಅಲ್ಲಿ ಜಗಳ ಆಡ್ಬೇಡಿ ಅಂತ. ಆ ಇಮೇಲ್ ಬಂದ ವಾರಾನೇ ನಮ್ಮ ಅಣ್ಣನ ಮಗನ ಹತ್ರ ಕಂಪ್ಯೂಟರ್ ಹಾಕಿಸ್ಕೊಂಡು, ಹೊಸದರಲ್ಲಿ ಮೊದಲಿಂದ ಟೈಪ್ ಮಾಡೋಕೆ ಶುರು ಮಾಡಿದೀನಿ. ಅರ್ಧ ಆಯ್ತು. ಎರಡನೇ ಸಲ ಅಲ್ವಾ, ಕೈ ಓಡುತ್ತೆ. ಹಳೇದರಲ್ಲಿ ಇದ್ದ ತಪ್ಪೂ ಸಿಕ್ತಾ ಇದೆ.”

ನಾನು ನಡುರಸ್ತೆಯಲ್ಲಿ ನಿಂತೆ. ಆಟೋದವನೊಬ್ಬ ಹಾರ್ನ್ ಹೊಡೆದು ಬೈದುಕೊಂಡು ಹೋದ. “ಮತ್ತೆ ನೀವು ತಲೆ ಅಲ್ಲಾಡಿಸಿದ್ದು?” ಎಂದೆ.

“ಬೇಡ, ಸುಮ್ನೆ ಕೂತ್ಕೊಳ್ಳಿ ಅಂತ. ನಿಮ್ಮ ಮುಖ ನೋಡೋ ಹಾಗಿರಲಿಲ್ಲ. ಬಿಳಿಚ್ಕೊಂಡಿತ್ತು. ಎಲ್ಲಿ ಬಿದ್ದುಬಿಡ್ತೀರೋ ಅಂತ ಭಯ ಆಯ್ತು.”

ಎರಡು ತಿಂಗಳ ನಿದ್ದೆ, ಶೌಚಾಲಯದಲ್ಲಿ ಹಿಡಿದು ನಿಂತ ಅನ್ನ ಸಾಂಬಾರು, ಆರು ಭಾಷೆಗಳ ಮುಂದಾಳುತನ ಎಲ್ಲವೂ ಒಟ್ಟಿಗೆ ನನ್ನ ಮುಂದೆ ಬಂದು ನಿಂತವು. ಮುರುಗೇಶರ ತಾತನ ಪುಸ್ತಕ ಉಳಿಯಿತಲ್ಲ ಎಂದು ಸಮಾಧಾನ ಹೇಳಿಕೊಂಡೆ. ಅದು ನಿಜವಾದ ಸಮಾಧಾನವೇ. ಆದರೂ ಎದೆ ಮೊದಲಿನಷ್ಟು ಉಬ್ಬಿರಲಿಲ್ಲ.

ಬಸ್ ಸ್ಟಾಪಿಗೆ ಬಂದೆವು. ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಕಣ್ಣನ್ನೂ ಒರೆಸಿಕೊಂಡರು. “ಒಂದು ಮಾತು ಹೇಳ್ತೀನಿ. ಮೂವತ್ತು ವರ್ಷ ನಾನು ಕ್ಲಾಸಿಗೆ ಹೋದಾಗೆಲ್ಲ ಮಕ್ಕಳು ಎದ್ದು ನಿಲ್ತಿದ್ರು. ಅದು ಹೆದರಿಕೆಗೆ ಅಂತ ನನಗೆ ಗೊತ್ತಿತ್ತು. ಇವತ್ತು ಅಷ್ಟು ಜನರ ಮಧ್ಯೆ ನನಗೋಸ್ಕರ ದೊಡ್ಡೋರೊಬ್ಬರು ಎದ್ದು ನಿಂತ್ರಲ್ಲ, ಅದು ಹೆದರಿಕೆಗೆ ಅಲ್ಲ. ಪ್ರೀತಿಗೆ. ಅದನ್ನ ನಾನು ಮರೆಯಲ್ಲ.”

ನನ್ನ ಬಸ್ಸು ಬಂದು ನಿಂತಿತು. ಇಲ್ಲ ಟೀಚರ್, ನಿಜ ಏನು ಅಂದ್ರೆ, ಎಂದು ಹೇಳಿಬಿಡಲು ಬಾಯಿ ತೆರೆದೆ. ಅವರು ಕನ್ನಡಕ ಹಾಕಿಕೊಂಡು, ಅದರ ಮೇಲಿನಿಂದ ನನ್ನನ್ನು ನೋಡಿ, “ಅಲ್ವಾ?” ಎಂದರು.

“ಹೌದು ಟೀಚರ್” ಎಂದು ಬಸ್ಸು ಹತ್ತಿದೆ.